ಬ್ರೆಕ್ಸಿಟ್‌ನ ಪಾಲುಪಟ್ಟಿ ಓದುವುದು ಹೇಗೆ

ಅಣ್ಣತಮ್ಮಂದಿರು ಬೇರೆಯಾಗುವಾಗ ಎರಡು ಬಗೆಯ ಕಾಗದ ಆಗುತ್ತವೆ. ಒಂದು ಪಾಲುಪಟ್ಟಿ. ಹಳೆ ಸಾಲ ಯಾರ ತಲೆಗೆ, ಜಂಟಿಯಾಗಿ ಹಾಕಿದ್ದ ದುಡ್ಡು ಯಾರಿಗೆ, ಈಗಾಗಲೇ ಆ ಮನೆಯಲ್ಲಿ ಇರುವವರ ಹಕ್ಕೇನು ಎಂಬುದೆಲ್ಲ ಅದರಲ್ಲಿರುತ್ತದೆ. ಇನ್ನೊಂದು, ಬೇರೆಯಾದ ಮೇಲೆ ಬಾವಿಯ ನೀರು, ಬಂಡಿ ದಾರಿ ಹೇಗೆ ಬಳಸಬೇಕೆಂಬ ಕರಾರು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟಾಗಲೂ ಹೀಗೇ ಆಯಿತು. ನಿರ್ಗಮನ ಒಪ್ಪಂದ ಎಂದರೆ ಪಾಲುಪಟ್ಟಿ. ವ್ಯಾಪಾರ ಮತ್ತು ಸಹಕಾರ ಒಪ್ಪಂದ ಎಂದರೆ ಬಾವಿ-ದಾರಿಯ ಕರಾರು. ಸುದ್ದಿಯಲ್ಲಿ ‘ಬ್ರೆಕ್ಸಿಟ್ ಒಪ್ಪಂದ’ ಎಂದಷ್ಟೇ ಬರುತ್ತದೆ, ಎರಡರಲ್ಲಿ ಯಾವುದು ಎಂದು ಯಾರೂ ಹೇಳುವುದಿಲ್ಲ. ಅರ್ಧ ಗೊಂದಲ ಅಲ್ಲಿಂದಲೇ ಶುರು.

ಇಲ್ಲಿರುವುದು ಪಾಲುಪಟ್ಟಿಯನ್ನು ಓದುವ ದಾರಿ. ಕಾನೂನು ವಿದ್ಯಾರ್ಥಿ, ವರದಿಗಾರ, ಬ್ರಿಟನ್ನಿನಲ್ಲಿ ಬಂಧುಗಳಿರುವವರು, ಯುರೋಪಿಗೆ ಸರಕು ಕಳಿಸುವವರು, ಯಾರೇ ಆಗಲಿ ಒಂದು ಪ್ರಶ್ನೆ ಹಿಡಿದು ಬಂದರೆ ಸರಿಯಾದ ವಿಧಿಗೆ ತಲುಪಬೇಕು. ಈ ಒಪ್ಪಂದದ ಹೆಚ್ಚಿನ ಉತ್ತರಗಳು ಒಂದೇ ಕೀಲಿನ ಮೇಲೆ ತಿರುಗುತ್ತವೆ: ಅದು ಯಾವ ದಿನ ನಡೆಯಿತು? ಹಾಗಾಗಿ ವಿಧಿಗಳನ್ನು ತೆರೆಯುವ ಮೊದಲು ಕ್ಯಾಲೆಂಡರ್ ತೆರೆಯಿರಿ.

ಮೊದಲು ತಾರೀಖು ಬರೆದಿಟ್ಟುಕೊಳ್ಳಿ

ಒಂದು ಹಾಳೆಯ ಮೇಲೆ ನಾಲ್ಕು ತಾರೀಖು ಸಾಕು. 2017ರ ಮಾರ್ಚ್ 29, ಬ್ರಿಟನ್ ಬಿಡುತ್ತೇನೆಂದು ನೋಟಿಸ್ ಕೊಟ್ಟ ದಿನ. 2020ರ ಜನವರಿ 31, ಸದಸ್ಯತ್ವ ಮುಗಿದ ದಿನ. 2020ರ ಡಿಸೆಂಬರ್ 31, ಸಂಕ್ರಮಣ ಅವಧಿ ಮುಗಿದ ದಿನ. 2021ರ ಜೂನ್ 30, ಬ್ರಿಟನ್ನಿನಲ್ಲಿದ್ದ ಐರೋಪ್ಯ ನಾಗರಿಕರು ವಾಸದ ಹಕ್ಕಿಗೆ ಅರ್ಜಿ ಹಾಕಬೇಕಿದ್ದ ಕಡೆಯ ದಿನ.

ಇದರಲ್ಲಿ ಎರಡನೆಯದು ಟಿವಿಯಲ್ಲಿ ಪಟಾಕಿಯ ಜೊತೆ ಕಂಡದ್ದು, ಆದರೆ ನಿಮ್ಮ ಪ್ರಶ್ನೆಗೆ ಅದು ಉಪಯೋಗಕ್ಕೆ ಬರುವುದು ಅಪರೂಪ. ಕೆಲಸಕ್ಕೆ ಬರುವುದು ಮೂರನೆಯದು. ಜನವರಿ 31ರಿಂದ ಡಿಸೆಂಬರ್ 31ರ ತನಕ ಬ್ರಿಟನ್ ಸದಸ್ಯನಾಗಿರಲಿಲ್ಲ, ಮತ ಹಾಕುವಂತಿರಲಿಲ್ಲ. ಆದರೂ ನಿರ್ಗಮನ ಒಪ್ಪಂದದ 127ನೇ ವಿಧಿಯ ಪ್ರಕಾರ ಒಕ್ಕೂಟದ ಕಾನೂನು ಅಲ್ಲಿ ಬಹುಪಾಲು ಮೊದಲಿನಂತೆಯೇ ನಡೆಯಿತು. ಆ ಹನ್ನೊಂದು ತಿಂಗಳಲ್ಲಿ ಬ್ರಿಟನ್‌ಗೆ ಹೋಗಿ ನೆಲೆಸಿದ ಪೋರ್ಚುಗೀಸ್ ನಾಗರಿಕನಿಗೆ 2015ರಲ್ಲಿ ಹೋದವನಷ್ಟೇ ರಕ್ಷಣೆ ಇದೆ. 2021ರ ಜನವರಿ 2ರಂದು ಇಳಿದವನಿಗೆ ಇಲ್ಲ.

ಗಂಟೆಯನ್ನೂ ನೋಡಿ. ಸದಸ್ಯತ್ವ ಮುಗಿದದ್ದು ಬ್ರಸೆಲ್ಸ್‌ನ ಮಧ್ಯರಾತ್ರಿಗೆ. ಲಂಡನ್‌ನಲ್ಲಿ ಆಗ ರಾತ್ರಿ 11, ನಮ್ಮಲ್ಲಿ ಫೆಬ್ರುವರಿ 1ರ ಬೆಳಗಿನ ಜಾವ 4.30. ಸಂಕ್ರಮಣ ಅವಧಿಯೂ ಲಂಡನ್‌ನ ರಾತ್ರಿ 11ಕ್ಕೇ ಮುಗಿಯಿತು. ಅದಕ್ಕೇ ಬ್ರಿಟಿಷ್ ಕಾಯ್ದೆಗಳಲ್ಲಿ 2020ರ ಡಿಸೆಂಬರ್ 31ರ ಮುಂದೆ ‘ರಾತ್ರಿ 11 ಗಂಟೆ’ ಎಂದು ಬರೆದಿರುತ್ತದೆ.

50ನೇ ವಿಧಿ: ಐದು ಪ್ಯಾರಾದಲ್ಲಿ ಬಿಡುವ ಕ್ರಮ

ಒಕ್ಕೂಟವನ್ನು ಬಿಡುವ ದಾರಿ ಇರುವುದು ಐರೋಪ್ಯ ಒಕ್ಕೂಟದ ಮೂಲ ಒಡಂಬಡಿಕೆಯ 50ನೇ ವಿಧಿಯಲ್ಲಿ. 2009ರ ಡಿಸೆಂಬರ್ 1ರಂದು ಲಿಸ್ಬನ್ ಒಡಂಬಡಿಕೆ ಜಾರಿಗೆ ಬರುವ ತನಕ ಇಂಥದೊಂದು ವಿಧಿಯೇ ಇರಲಿಲ್ಲ. 1985ರಲ್ಲಿ ಗ್ರೀನ್‌ಲ್ಯಾಂಡ್ ಆಗಿನ ಐರೋಪ್ಯ ಸಮುದಾಯದಿಂದ ಹೊರಬಂದದ್ದು ಒಡಂಬಡಿಕೆಯನ್ನೇ ತಿದ್ದುವ ಮೂಲಕ. ಅದು ಡೆನ್ಮಾರ್ಕ್‌ಗೆ ಸೇರಿದ ಪ್ರದೇಶ, ತಾನೇ ಸದಸ್ಯ ದೇಶವಲ್ಲ. ಹಾಗಾಗಿ ಅದನ್ನು ಬ್ರೆಕ್ಸಿಟ್‌ಗೆ ಪೂರ್ವನಿದರ್ಶನ ಎಂದು ಬರೆಯುವಾಗ ಎಚ್ಚರ ಬೇಕು.

ಮೊದಲ ಪ್ಯಾರಾ: ಯಾವ ಸದಸ್ಯ ದೇಶವಾದರೂ ತನ್ನ ಸಂವಿಧಾನದ ಪ್ರಕಾರ ಬಿಡಲು ತೀರ್ಮಾನಿಸಬಹುದು. ‘ತನ್ನ ಸಂವಿಧಾನದ ಪ್ರಕಾರ’ ಎಂಬ ಮಾತು ಸಣ್ಣದಾಗಿ ಕಾಣುತ್ತದೆ. ಬ್ರಿಟನ್ ಮೊದಲು ಎಡವಿದ್ದು ಅಲ್ಲೇ. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9 ಮಂದಿ ಬಿಡೋಣ ಎಂದರು. ಅಷ್ಟು ಸಾಕು, ಸಂಸತ್ತಿನ ಹಂಗಿಲ್ಲದೆ ನೋಟಿಸ್ ಕೊಡುತ್ತೇವೆ ಎಂದಿತು ಸರ್ಕಾರ. ಮಿಲ್ಲರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2017ರ ಜನವರಿ 24ರಂದು 8-3 ಬಹುಮತದಿಂದ ಆಗದು ಎಂದಿತು. ಬ್ರಿಟನ್ ಐರೋಪ್ಯ ಸಮುದಾಯ ಸೇರಲು ಮಾಡಿದ್ದ 1972ರ ಕಾಯ್ದೆಯಿಂದ ಜನರಿಗೆ ಬಂದ ಹಕ್ಕುಗಳನ್ನು ಸರ್ಕಾರ ತನ್ನ ವಿಶೇಷಾಧಿಕಾರದಿಂದ ಕಿತ್ತುಕೊಳ್ಳುವಂತಿಲ್ಲ, ಸಂಸತ್ತೇ ಕಾಯ್ದೆ ಮಾಡಬೇಕು ಎಂಬುದು ತೀರ್ಪಿನ ಸಾರ. ಎರಡು ತಿಂಗಳೊಳಗೆ, ಮಾರ್ಚ್ 16ಕ್ಕೆ, ಪುಟ್ಟದೊಂದು ಕಾಯ್ದೆಗೆ ರಾಣಿಯ ಅಂಕಿತ ಬಿತ್ತು.

ಎರಡನೇ ಪ್ಯಾರಾ: ನೋಟಿಸ್ ಐರೋಪ್ಯ ಮಂಡಳಿಗೆ, ಅಂದರೆ ಸದಸ್ಯ ದೇಶಗಳ ಮುಖ್ಯಸ್ಥರ ಕೂಟಕ್ಕೆ, ಹೋಗಬೇಕು. ನಮೂನೆ ಏನೂ ಇಲ್ಲ, ಪತ್ರ ಸಾಕು. ಆಗಿನ ಪ್ರಧಾನಿ ಥೆರೆಸಾ ಮೇ ಸಹಿ ಮಾಡಿದ ಪತ್ರವನ್ನು ರಾಯಭಾರಿ ಟಿಮ್ ಬ್ಯಾರೋ ಆ ಮಂಡಳಿಯ ಆಗಿನ ಅಧ್ಯಕ್ಷ ಡೊನಾಲ್ಡ್ ಟಸ್ಕ್ ಕೈಗೆ ಕೊಟ್ಟರು. ಆಮೇಲೆ ಒಕ್ಕೂಟ ಮಾತುಕತೆ ನಡೆಸಿ ಒಪ್ಪಂದ ಮಾಡಿಕೊಳ್ಳಬೇಕು. ಒಪ್ಪಂದಕ್ಕೆ ಐರೋಪ್ಯ ಸಂಸತ್ತಿನ ಸಮ್ಮತಿ ಬೇಕು. ಸಚಿವರ ಮಂಡಳಿಯಲ್ಲಿ ವಿಶೇಷ ಬಹುಮತ ಬೇಕು, ಅಂದರೆ ಉಳಿದ 27 ದೇಶಗಳಲ್ಲಿ ಕನಿಷ್ಠ 20, ಅವುಗಳ ಜನಸಂಖ್ಯೆ ಶೇ 65. ಪ್ರತಿ ದೇಶದ ಸಂಸತ್ತೂ ಒಪ್ಪಬೇಕೆಂಬುದು ಆಗಾಗ ಕಾಣುವ ತಪ್ಪು. ನಿರ್ಗಮನ ಒಪ್ಪಂದಕ್ಕೆ ಆ ಕಟ್ಟಳೆ ಇಲ್ಲ.

ಮೂರನೇ ಪ್ಯಾರಾದಲ್ಲಿ ಗಡಿಯಾರವಿದೆ, ಇಡೀ ವಿಧಿಯ ಬಲ ಇರುವುದೂ ಇಲ್ಲೇ. ಒಪ್ಪಂದ ಜಾರಿಗೆ ಬಂದ ದಿನ, ಅದು ಆಗದಿದ್ದರೆ ನೋಟಿಸ್ ಕೊಟ್ಟ ಎರಡು ವರ್ಷಕ್ಕೆ, ಒಡಂಬಡಿಕೆಗಳು ಆ ದೇಶಕ್ಕೆ ಅನ್ವಯವಾಗುವುದು ನಿಲ್ಲುತ್ತದೆ. ಅವಧಿ ವಿಸ್ತರಿಸಬೇಕೆಂದರೆ ಉಳಿದವರೆಲ್ಲ ಒಮ್ಮತದಿಂದ ಒಪ್ಪಬೇಕು. ಒಪ್ಪಂದಕ್ಕೆ 20 ದೇಶ ಸಾಕು, ಗಡುವು ಮುಂದೂಡಲು ಎಲ್ಲ 27 ಬೇಕು. ನೋಟಿಸ್ ಕೊಟ್ಟ ಕ್ಷಣದಿಂದ ಪ್ರತಿ ದಿನವೂ ಬಿಡುವವನ ಕೈ ಸಡಿಲವಾಗುತ್ತ ಹೋಗುವುದು ಇದರಿಂದ. ಬ್ರಿಟನ್ ಯಾವ ಬಗೆಯ ಸಂಬಂಧ ಬೇಕೆಂದು ಮನೆಯೊಳಗೇ ತೀರ್ಮಾನಿಸಿಕೊಳ್ಳುವ ಮೊದಲೇ ಗಡಿಯಾರ ಒತ್ತಿಬಿಟ್ಟಿತು. ನಮ್ಮ ಅಂದಾಜಿನಲ್ಲಿ ಇಡೀ ಪ್ರಕ್ರಿಯೆಯ ಅತಿ ದುಬಾರಿ ತಪ್ಪು ಅದೇ.

ವಿಸ್ತರಣೆ ಮೂರು ಸಲ ಆಯಿತು. ಮೂಲ ಗಡುವು 2019ರ ಮಾರ್ಚ್ 29. ಮೊದಲ ವಿಸ್ತರಣೆ ಎರಡು ಕವಲಿನದು: ಬ್ರಿಟಿಷ್ ಸಂಸತ್ತಿನ ಕೆಳಮನೆ ಒಪ್ಪಂದ ಒಪ್ಪಿದರೆ ಮೇ 22, ಒಪ್ಪದಿದ್ದರೆ ಏಪ್ರಿಲ್ 12. ಮೇ 23ರಿಂದ ಐರೋಪ್ಯ ಸಂಸತ್ತಿನ ಚುನಾವಣೆ ಇತ್ತಲ್ಲ, ಅದರ ಹಿಂದಿನ ದಿನಕ್ಕೆ ಗೆರೆ ಎಳೆದರು. ಎರಡನೆಯದು ಅಕ್ಟೋಬರ್ 31ಕ್ಕೆ, ಮೂರನೆಯದು 2020ರ ಜನವರಿ 31ಕ್ಕೆ. ಈ ಮೂರನೆಯದರ ಹಿಂದೆ ಒಂದು ವಿಚಿತ್ರ ಕಾಯ್ದೆ ಇದೆ. ಪ್ರಧಾನಿ ಬೋರಿಸ್ ಜಾನ್ಸನ್ ವಿಸ್ತರಣೆ ಕೇಳುವುದಿಲ್ಲ ಎಂದು ಕೂತಾಗ ಸಂಸತ್ತು ಕಾಯ್ದೆ ಮಾಡಿ, ಕಳಿಸಬೇಕಾದ ಪತ್ರದ ಒಕ್ಕಣೆಯನ್ನೇ ಅದರ ಅನುಸೂಚಿಯಲ್ಲಿ ಬರೆದುಕೊಟ್ಟಿತು. ಅಕ್ಟೋಬರ್ 19ರಂದು ಆ ಪತ್ರ ಹೋಯಿತು, ಪ್ರಧಾನಿಯ ಸಹಿ ಇಲ್ಲದೆ. ಸಹಿ ಇಲ್ಲದಿದ್ದರೂ ಬ್ರಸೆಲ್ಸ್ ಅದನ್ನು ಕೋರಿಕೆಯೆಂದೇ ಪರಿಗಣಿಸಿತು.

ಕೊಟ್ಟ ನೋಟಿಸ್ ವಾಪಸ್ ಪಡೆಯಬಹುದೇ? 50ನೇ ವಿಧಿ ಈ ಬಗ್ಗೆ ಮೌನ. ಮಿಲ್ಲರ್ ಪ್ರಕರಣದಲ್ಲಿ ಎರಡೂ ಕಡೆಯವರು ‘ಪಡೆಯಲಾಗದು’ ಎಂದು ಒಪ್ಪಿಕೊಂಡೇ ವಾದಿಸಿದ್ದರು. ಎರಡು ವರ್ಷ ಕಳೆಯುವ ಮೊದಲೇ, 2018ರ ಡಿಸೆಂಬರ್ 10ರಂದು, ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ವೈಟ್‌ಮನ್ ಪ್ರಕರಣದಲ್ಲಿ ಉಲ್ಟಾ ಹೇಳಿತು: ಒಪ್ಪಂದ ಜಾರಿಯಾಗುವ ಅಥವಾ ಗಡುವು ಮುಗಿಯುವ ಮೊದಲು, ಲಿಖಿತವಾಗಿ, ಷರತ್ತಿಲ್ಲದೆ, ಯಾರ ಒಪ್ಪಿಗೆಯೂ ಇಲ್ಲದೆ ವಾಪಸ್ ಪಡೆಯಬಹುದು. ಇವೆರಡನ್ನೂ ಒಟ್ಟಿಗೆ ಓದುವವರು ಈ ವ್ಯತ್ಯಾಸ ಗಮನಿಸದೆ ಮಿಲ್ಲರ್ ತೀರ್ಪಿನ ಆ ಪ್ಯಾರಾವನ್ನು ಇಂದಿಗೂ ಉಲ್ಲೇಖಿಸುವುದುಂಟು.

ನಾಲ್ಕನೆಯದು, ಬಿಡುವ ದೇಶದ ಬಗ್ಗೆ ಚರ್ಚೆ ನಡೆಯುವಾಗ ಅದು ಆ ಕೋಣೆಯಲ್ಲಿ ಇರುವಂತಿಲ್ಲ. ಐದನೆಯದು, ಮರಳಿ ಸೇರಬೇಕೆಂದರೆ 49ನೇ ವಿಧಿಯಡಿ ಎಲ್ಲರಂತೆ ಹೊಸದಾಗಿ ಅರ್ಜಿ.

ಸರಿಯಾದ ಪ್ರತಿ ಹಿಡಿಯಿರಿ

ನಿರ್ಗಮನ ಒಪ್ಪಂದ ಅಂತರ್ಜಾಲದಲ್ಲಿ ಹುಡುಕಿದರೆ ಎರಡು ಪಠ್ಯ ಸಿಗುತ್ತವೆ. 2018ರ ನವೆಂಬರ್‌ನದು ಥೆರೆಸಾ ಮೇ ಸರ್ಕಾರದ ಒಪ್ಪಂದ. ಅದನ್ನು ಕೆಳಮನೆ ಮೂರು ಸಲ ತಿರಸ್ಕರಿಸಿತು. ಮೊದಲ ಸಲ, 2019ರ ಜನವರಿ 15ರಂದು, 432ಕ್ಕೆ 202 ಮತ. ಎರಡನೇ ಪಠ್ಯ 2019ರ ಅಕ್ಟೋಬರ್ 17ರಂದು ಜಾನ್ಸನ್ ಸರ್ಕಾರ ಒಪ್ಪಿಕೊಂಡು ಬಂದದ್ದು. ವಿಧಿಗಳ ಸಂಖ್ಯೆ ಎರಡರಲ್ಲೂ 185, ಬಹುತೇಕ ಪಠ್ಯವೂ ಒಂದೇ. ಬದಲಾದದ್ದು ಮುಖ್ಯವಾಗಿ ಉತ್ತರ ಐರ್ಲೆಂಡ್‌ನ ಪ್ರೋಟೋಕಾಲ್, ಅಂದರೆ ಒಪ್ಪಂದಕ್ಕೆ ಲಗತ್ತಾದ ಪೂರಕ ಕರಾರು. ಹಳೆಯದರಲ್ಲಿ ‘ಬ್ಯಾಕ್‌ಸ್ಟಾಪ್’ (ಐರ್ಲೆಂಡ್ ಗಡಿ ತೆರೆದೇ ಇರಲು, ಬೇರೆ ವ್ಯವಸ್ಥೆ ಆಗುವ ತನಕದ ಏರ್ಪಾಡು) ಇದೆ, ಹೊಸದರಲ್ಲಿ ಇಲ್ಲ. ಜಾರಿಯಲ್ಲಿರುವ ಪಠ್ಯ ಒಕ್ಕೂಟದ ಅಧಿಕೃತ ಪತ್ರಿಕೆಯ ಎಲ್ ಸರಣಿಯ 29ನೇ ಸಂಚಿಕೆ, 2020ರ ಜನವರಿ 31ರ ತಾರೀಖಿನದು. ಪ್ರೋಟೋಕಾಲ್‌ಗೆ ನಂತರ ಆದ ತಿದ್ದುಪಡಿ ಬೇಕಾದರೆ ಕ್ರೋಡೀಕೃತ ಆವೃತ್ತಿಯನ್ನೇ ತೆಗೆಯಬೇಕು.

ಜೊತೆಗೆ ‘ರಾಜಕೀಯ ಘೋಷಣೆ’ ಎಂಬ ಇನ್ನೊಂದು ಕಾಗದ ಸಿಗುತ್ತದೆ. ಅದಕ್ಕೆ ಕಾನೂನಿನ ಬಲವಿಲ್ಲ. 184ನೇ ವಿಧಿ ಮುಂದಿನ ಸಂಬಂಧಕ್ಕಾಗಿ ಸದ್ಭಾವದಿಂದ ಮಾತುಕತೆ ನಡೆಸಿ ಎನ್ನುತ್ತದೆ, ಅಷ್ಟೇ.

185 ವಿಧಿಗಳು ಆರು ಭಾಗದಲ್ಲಿವೆ. 1ರಿಂದ 8 ಸಾಮಾನ್ಯ ವಿಚಾರ. 9ರಿಂದ 39 ನಾಗರಿಕರ ಹಕ್ಕು. 40ರಿಂದ 125 ಬೇರ್ಪಡಿಸುವ ನಿಯಮ, ಅಂದರೆ ದಾರಿಯಲ್ಲಿದ್ದ ಸರಕು, ನಡೆಯುತ್ತಿದ್ದ ಕೇಸು, ಟ್ರೇಡ್‌ಮಾರ್ಕು ಇತ್ಯಾದಿ. 126ರಿಂದ 132 ಸಂಕ್ರಮಣ. 133ರಿಂದ 157 ಹಣ. ಉಳಿದದ್ದು ಸಮಿತಿ, ವ್ಯಾಜ್ಯ, ಜಾರಿ. ಹಿಂದೆ ಐರ್ಲೆಂಡ್, ಸೈಪ್ರಸ್‌ನ ಬ್ರಿಟಿಷ್ ಸೇನಾನೆಲೆಗಳು, ಜಿಬ್ರಾಲ್ಟರ್ ಕುರಿತ ಮೂರು ಪ್ರೋಟೋಕಾಲ್‌ಗಳು.

ಯಾವ ಪ್ರಶ್ನೆಗೂ ಮೊದಲು 4ನೇ ವಿಧಿ ಓದಿ. ಈ ಒಪ್ಪಂದಕ್ಕೆ ಬ್ರಿಟನ್ನಿನಲ್ಲಿ ಒಕ್ಕೂಟದೊಳಗೆ ಇರುವಷ್ಟೇ ಕಾನೂನು ಬಲ ಇರಬೇಕು, ಜನ ನೇರವಾಗಿ ಕೋರ್ಟಿನಲ್ಲಿ ಇದನ್ನು ಎತ್ತಿ ಹಿಡಿಯಬಹುದು, ಅಡ್ಡ ಬರುವ ದೇಶೀಯ ಕಾನೂನನ್ನು ಕೋರ್ಟು ಬದಿಗಿಡಬೇಕು ಎನ್ನುತ್ತದೆ ಅದು. ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ಒಪ್ಪಂದ ತಾನಾಗಿ ಕಾನೂನಾಗುವುದಿಲ್ಲ, ಕಾಯ್ದೆ ಬೇಕು. ಆ ಕೊಳವೆ 2018ರ ನಿರ್ಗಮನ ಕಾಯ್ದೆಯ ಸೆಕ್ಷನ್ 7ಎ. ಇದನ್ನು ಸೇರಿಸಿದ್ದು 2020ರ ಜನವರಿಯ ಕಾಯ್ದೆ. 2018ರ ಕಾಯ್ದೆಯನ್ನು ಮೊದಲು ಪಾಸಾದ ರೂಪದಲ್ಲಿ ಡೌನ್‌ಲೋಡ್ ಮಾಡಿಕೊಂಡರೆ 7ಎ ಕಾಣುವುದೇ ಇಲ್ಲ. ತಿದ್ದುಪಡಿಯಾದ ಆವೃತ್ತಿ ನೋಡಿ.

ನಾಗರಿಕರ ಹಕ್ಕು: ಒಂದು ಕುಟುಂಬ ಹಿಡಿದು ನೋಡೋಣ

ಹೆಚ್ಚು ಪ್ರಶ್ನೆ ಬರುವ ಭಾಗ ಇದು. ಕರ್ನಾಟಕದಿಂದ ಹೋದವರಿಗೆ ಮೊದಲು ತಿಳಿಯಬೇಕಾದ ವಿಷಯ: ಭಾರತದ ಪಾಸ್‌ಪೋರ್ಟ್ ಮೇಲೆ ವರ್ಕ್ ವೀಸಾ ಅಥವಾ ಸ್ಟೂಡೆಂಟ್ ವೀಸಾ ಹಿಡಿದು ಲಂಡನ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವವರಿಗೆ ಈ ಭಾಗ ಸಂಬಂಧಿಸಿದ್ದೇ ಅಲ್ಲ. ಅವರ ಹಕ್ಕು ಆಯಾ ದೇಶದ ವಲಸೆ ಕಾನೂನಿನಿಂದ ಬಂದದ್ದು. ಒಪ್ಪಂದ ಕಾಯುವುದು ಬ್ರಿಟನ್ನಿನಲ್ಲಿದ್ದ ಒಕ್ಕೂಟದ ನಾಗರಿಕರು, ಒಕ್ಕೂಟದಲ್ಲಿದ್ದ ಬ್ರಿಟಿಷರು, ಮತ್ತು ಇವರ ಕುಟುಂಬದವರನ್ನು. ಕುಟುಂಬದವರು ಯಾವ ದೇಶದ ಪ್ರಜೆಯಾದರೂ ಸರಿ ಎಂದು 9ನೇ ವಿಧಿ ಹೇಳುತ್ತದೆ. ನಮ್ಮವರಿಗೆ ಬಾಗಿಲು ಇರುವುದು ಈ ಮಾತಿನಲ್ಲಿ.

ಉದಾಹರಣೆಗೆ, 1961ರ ಡಿಸೆಂಬರ್ 19ಕ್ಕಿಂತ ಮೊದಲು ಗೋವಾದಲ್ಲಿ ಹುಟ್ಟಿದವರ ಮೊಮ್ಮಗ ಪೋರ್ಚುಗೀಸ್ ಪೌರತ್ವ ಪಡೆದು 2018ರಲ್ಲಿ ಸ್ವಿಂಡನ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದುಕೊಳ್ಳಿ. ಹೆಂಡತಿ ಕಾರವಾರದವಳು, ಭಾರತದ ಪಾಸ್‌ಪೋರ್ಟ್. ಓದುವ ಕ್ರಮ ಹೀಗೆ:

ಗಂಡ 2020ರ ಡಿಸೆಂಬರ್ 31ರ ಮೊದಲು ಅಲ್ಲಿ ವಾಸವಿದ್ದನೇ? ಇದ್ದ, ಹಾಗಾದರೆ 10ನೇ ವಿಧಿಯೊಳಗೆ ಬಂದ. ಹೆಂಡತಿ ಆ ದಿನ ಅವನ ಜೊತೆಗಿದ್ದಳೇ? ಇದ್ದರೆ ಅವಳೂ ಒಳಗೆ. ಇರಲಿಲ್ಲ, ಕಾರವಾರದಲ್ಲೇ ಇದ್ದಳು, ಆದರೆ ಮದುವೆ 2020ರ ನವೆಂಬರ್‌ನಲ್ಲಿ ಆಗಿತ್ತೇ? ಆಗಲೂ ಒಳಗೆ, ಆ ದಿನ ಸಂಬಂಧ ಇತ್ತು, ಅರ್ಜಿ ಹಾಕುವಾಗಲೂ ಇರಬೇಕು. ಮದುವೆ 2021ರ ಫೆಬ್ರುವರಿಯಲ್ಲಿ ಆಯಿತೇ? ಹೊರಗೆ. ಕೋವಿಡ್‌ನಿಂದ ಮದುವೆ ಮುಂದೂಡಿತ್ತು, ನಿಶ್ಚಿತಾರ್ಥ ಮೊದಲೇ ಆಗಿತ್ತು ಎಂಬ ಕಾರಣಗಳನ್ನು ಬ್ರಿಟಿಷ್ ಕೋರ್ಟುಗಳು ಒಪ್ಪಲಿಲ್ಲ. ಹೊರಗೆ ಬಿದ್ದವಳು ಸಾಮಾನ್ಯ ಸಂಗಾತಿ ವೀಸಾಕ್ಕೆ ಹೋಗಬೇಕು. ಅದಕ್ಕೆ ಶುಲ್ಕ ಇದೆ, ಆದಾಯದ ಮಿತಿ ಇದೆ. 2024ರ ಏಪ್ರಿಲ್‌ನಲ್ಲಿ ಆ ಮಿತಿ ವರ್ಷಕ್ಕೆ 18,600 ಪೌಂಡ್‌ನಿಂದ 29,000ಕ್ಕೆ ಏರಿತು. ಒಪ್ಪಂದದಡಿಯ ಅರ್ಜಿಗೆ ಶುಲ್ಕವೂ ಇಲ್ಲ, ಆದಾಯದ ಪ್ರಶ್ನೆಯೂ ಇಲ್ಲ. ಮದುವೆ ನೋಂದಣಿಯ ತಾರೀಖು ಅಷ್ಟು ತೂಗುತ್ತದೆ. ಮಕ್ಕಳ ಲೆಕ್ಕ ಬೇರೆ, ಗಡುವಿನ ನಂತರ ಹುಟ್ಟಿದರೂ ಅವರಿಗೆ ರಕ್ಷಣೆ ಉಂಟು.

ಮುಂದಿನದು ಅರ್ಜಿ. 18ನೇ ವಿಧಿ ಪ್ರತಿ ದೇಶಕ್ಕೂ ಎರಡು ದಾರಿ ಬಿಟ್ಟಿತ್ತು. ಅರ್ಜಿ ಹಾಕಿ ಮಂಜೂರಾದರೇ ಹಕ್ಕು ಎಂಬುದು ಒಂದು. ಹಕ್ಕು ಮೊದಲೇ ಇದೆ, ಕಾರ್ಡು ಬರೀ ಪುರಾವೆ ಎಂಬುದು ಇನ್ನೊಂದು. ಬ್ರಿಟನ್, ಫ್ರಾನ್ಸ್ ಮೊದಲನೆಯದನ್ನು ಹಿಡಿದವು, ಜರ್ಮನಿ, ಸ್ಪೇನ್ ಎರಡನೆಯದನ್ನು. ಹೀಗಾಗಿ ಸ್ಪೇನ್‌ನಲ್ಲಿ ಕಾರ್ಡು ಮಾಡಿಸದ ಬ್ರಿಟಿಷ್ ನಿವೃತ್ತನಿಗೆ ಹಕ್ಕು ಹೋಗಿಲ್ಲ, ಬ್ರಿಟನ್ನಿನಲ್ಲಿ ಅರ್ಜಿ ಹಾಕದ ಇಟಾಲಿಯನ್ನನಿಗೆ ಹೋಗಿದೆ. ತಡವಾಗಿ ಹಾಕಿದರೂ ಕಾರಣ ಸಮಂಜಸವಾಗಿದ್ದರೆ ಪರಿಗಣಿಸಬೇಕು ಎಂದು ಅದೇ ವಿಧಿ ಹೇಳುತ್ತದೆ. ತಡವಾದವರು ಹಿಡಿಯಬೇಕಾದ ಎಳೆ ಅದು.

ಬ್ರಿಟನ್ನಿನಲ್ಲಿ ಐದು ವರ್ಷ ಸತತ ವಾಸವಿದ್ದವರಿಗೆ ಸೆಟ್ಲ್ಡ್ ಸ್ಟೇಟಸ್ (ಖಾಯಂ ವಾಸದ ಹಕ್ಕು), ಇನ್ನೂ ಆಗದವರಿಗೆ ಪ್ರೀ-ಸೆಟ್ಲ್ಡ್ (ಅವಧಿಗೆ ಸೀಮಿತವಾದ ಹಕ್ಕು). ಸತತ ಎಂದರೆ ಯಾವುದೇ 12 ತಿಂಗಳಲ್ಲಿ 6 ತಿಂಗಳಿಗಿಂತ ಹೆಚ್ಚು ಹೊರಗಿರಬಾರದು. ಹೆರಿಗೆ, ಗಂಭೀರ ಕಾಯಿಲೆ, ಓದು ಮುಂತಾದ ಮುಖ್ಯ ಕಾರಣಕ್ಕೆ ಒಂದು ಸಲ 12 ತಿಂಗಳ ತನಕ ವಿನಾಯಿತಿ. ಊರಿಗೆ ಬಂದು ಅಪ್ಪ-ಅಮ್ಮನ ಜೊತೆ ಏಳೆಂಟು ತಿಂಗಳು ಉಳಿದವರ ಲೆಕ್ಕ ಇಲ್ಲೇ ಮುರಿಯುತ್ತಿತ್ತು, ಮತ್ತು ಸಂಕ್ರಮಣ ಅವಧಿ ಮುಗಿದ ಮೇಲೆ ಮುರಿದ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡುವ ಹಾಗಿರಲಿಲ್ಲ; ಪ್ರೀ-ಸೆಟ್ಲ್ಡ್ ಇರುವವರಿಗೆ ಬ್ರಿಟನ್ 2025ರ ಜುಲೈನಲ್ಲಿ ಈ ಲೆಕ್ಕವನ್ನು ಸಡಿಲಿಸಿತು. ಖಾಯಂ ಹಕ್ಕು ಸಿಕ್ಕ ಮೇಲೆ ಐದು ವರ್ಷ ಸತತ ಹೊರಗಿದ್ದರಷ್ಟೇ ಅದು ಕಳೆದುಹೋಗುವುದು.

ಪ್ರೀ-ಸೆಟ್ಲ್ಡ್ ಇರುವವರು ಐದು ವರ್ಷಕ್ಕೆ ಮತ್ತೆ ಅರ್ಜಿ ಹಾಕದಿದ್ದರೆ ಹಕ್ಕು ತಾನಾಗಿ ಹೋಗುತ್ತದೆ ಎಂಬುದು ಬ್ರಿಟಿಷ್ ಸರ್ಕಾರದ ನಿಯಮವಾಗಿತ್ತು. ಒಪ್ಪಂದದ 159ನೇ ವಿಧಿಯಡಿ ಹುಟ್ಟಿದ ಸ್ವತಂತ್ರ ಮೇಲ್ವಿಚಾರಣಾ ಪ್ರಾಧಿಕಾರ ಇದನ್ನು ಪ್ರಶ್ನಿಸಿತು. 2022ರ ಡಿಸೆಂಬರ್‌ನಲ್ಲಿ ಲಂಡನ್ ಹೈಕೋರ್ಟ್ ನಿಯಮ ಒಪ್ಪಂದಕ್ಕೆ ವಿರುದ್ಧ ಎಂದಿತು: ಒಮ್ಮೆ ಕೊಟ್ಟ ಹಕ್ಕು ಎರಡನೇ ಅರ್ಜಿ ಇಲ್ಲವೆಂಬ ಕಾರಣಕ್ಕೆ ಹೋಗದು. ಆಮೇಲೆ ಸರ್ಕಾರ ಅವಧಿಯನ್ನು ತಾನೇ ವಿಸ್ತರಿಸತೊಡಗಿತು. 2022ಕ್ಕಿಂತ ಹಿಂದಿನ ಸಲಹಾಪತ್ರ ಹಿಡಿದು ಇವತ್ತು ಯಾರಿಗೂ ಹೇಳಬೇಡಿ.

ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್, ಸ್ವಿಟ್ಜರ್‌ಲ್ಯಾಂಡ್‌ನವರಿಗೆ ಬೇರೆ ಒಪ್ಪಂದಗಳಿವೆ. ಐರಿಷ್ ಪ್ರಜೆಗಳಿಗೆ ಬ್ರಿಟನ್ನಿನಲ್ಲಿ ಅರ್ಜಿಯೇ ಬೇಡ.

ಗೋದಾಮಿನಲ್ಲಿ ಉಳಿದ ಸರಕು

41ನೇ ವಿಧಿ: ಸಂಕ್ರಮಣ ಅವಧಿ ಮುಗಿಯುವ ಮೊದಲು ಎರಡರಲ್ಲಿ ಒಂದು ಮಾರುಕಟ್ಟೆಗೆ ಕಾನೂನುಬದ್ಧವಾಗಿ ಬಿಟ್ಟ ಸರಕು, ಕೊನೆಯ ಗ್ರಾಹಕನನ್ನು ತಲುಪುವ ತನಕ ಎರಡೂ ಕಡೆ ಓಡಾಡಬಹುದು. ಪೀಣ್ಯದಲ್ಲಿ ತಯಾರಾದ ವೈದ್ಯಕೀಯ ಉಪಕರಣಕ್ಕೆ ಬ್ರಿಟಿಷ್ ಪ್ರಮಾಣೀಕರಣ ಸಂಸ್ಥೆಯ ಸರ್ಟಿಫಿಕೇಟ್ ಇತ್ತು ಎನ್ನೋಣ. 2021ರ ಜನವರಿಯಿಂದ ಆ ಸರ್ಟಿಫಿಕೇಟ್ ಒಕ್ಕೂಟದಲ್ಲಿ ನಡೆಯುವುದಿಲ್ಲ. ಆದರೆ 2020ರ ನವೆಂಬರ್‌ನಲ್ಲೇ ಬರ್ಮಿಂಗ್‌ಹ್ಯಾಮ್‌ನ ವಿತರಕನಿಗೆ ಮಾರಿದ ಪೆಟ್ಟಿಗೆಗಳು ರಾಟರ್‌ಡ್ಯಾಮ್‌ಗೆ ಹೋಗಬಹುದು.

ಎಡವುವ ಜಾಗ ಮೂರು. ಒಂದು, ‘ಮಾರುಕಟ್ಟೆಗೆ ಬಿಡುವುದು’ ಎಂಬುದು ಮಾದರಿಗಲ್ಲ, ಒಂದೊಂದು ನಗಕ್ಕೆ, ಅಂದರೆ ಬಿಡಿ ವಸ್ತುವಿಗೆ, ಅನ್ವಯ. ತಯಾರಾಗಿ ನಿಂತ, ಗುರುತಿಸಬಹುದಾದ ನಗದ ಮೇಲೆ ಮಾರಾಟದ ಒಪ್ಪಂದ ಅಥವಾ ಪ್ರಸ್ತಾಪ ಇರಬೇಕು. ಇದೇ ಮಾದರಿಯನ್ನು 2015ರಿಂದ ಮಾರುತ್ತಿದ್ದೇವೆ ಎಂಬುದು ಉತ್ತರವಾಗದು. ಎರಡು, 42ನೇ ವಿಧಿಯಂತೆ ರುಜುವಾತಿನ ಹೊಣೆ ಸರಕಿನವನದು. ಸೀರಿಯಲ್ ನಂಬರ್ ಇರುವ ಇನ್‌ವಾಯ್ಸ್ ಇದ್ದರೆ ಬಚಾವ್. ಮೂರು, ಈ ವಿಧಿ ಉಳಿಸುವುದು ಗುಣಮಟ್ಟದ ನಿಯಮಗಳಿಂದ ಮಾತ್ರ. ಕಸ್ಟಮ್ಸ್ ಸುಂಕದಿಂದ ಉಳಿಸುವುದಿಲ್ಲ. ಅದಕ್ಕೆ 47ನೇ ವಿಧಿ, ಅದೂ ಗಡುವಿಗೆ ಮೊದಲೇ ಹೊರಟು ದಾರಿಯಲ್ಲಿದ್ದ ಸರಕಿಗೆ. ಜೀವಂತ ಪ್ರಾಣಿ, ಮಾಂಸ, ಹಾಲಿನ ಪದಾರ್ಥಕ್ಕೆ 41ನೇ ವಿಧಿಯ ಸಡಿಲಿಕೆ ಇಲ್ಲ.

ಟ್ರೇಡ್‌ಮಾರ್ಕ್ ಇದಕ್ಕಿಂತ ಸಲೀಸು. ಗಡುವಿನೊಳಗೆ ಒಕ್ಕೂಟದಲ್ಲಿ ನೋಂದಣಿಯಾದ ಪ್ರತಿ ಗುರುತಿಗೂ 54ನೇ ವಿಧಿ ಬ್ರಿಟನ್ನಿನಲ್ಲಿ ಅಂಥದೇ ಇನ್ನೊಂದನ್ನು ಪುಕ್ಕಟೆಯಾಗಿ, ಮರುಪರಿಶೀಲನೆ ಇಲ್ಲದೆ ಕೊಟ್ಟಿತು. ಮಾಲೀಕ ಬೆಂಗಳೂರಿನವನಾದರೂ ಸರಿ. ಈಗ ಅವು ಎರಡು ಬೇರೆ ಆಸ್ತಿ. ಒಂದನ್ನು ನವೀಕರಿಸಿದರೆ ಇನ್ನೊಂದು ನವೀಕರಣವಾಗುವುದಿಲ್ಲ. ಇದನ್ನು ಮರೆತು ಬ್ರಿಟಿಷ್ ನೋಂದಣಿ ಕಳೆದುಕೊಳ್ಳುವ ಅಪಾಯ ಇದ್ದೇ ಇದೆ.

ಹಣದ ಲೆಕ್ಕ

ವಿಚ್ಛೇದನದ ಬಿಲ್ ಎಷ್ಟು ಎಂದು ಕೇಳುವವರು 133ರಿಂದ 157ರ ತನಕ ಜಾಲಾಡಿದರೂ ಒಟ್ಟು ಮೊತ್ತ ಸಿಗದು, ಏಕೆಂದರೆ ಅಲ್ಲಿರುವುದು ಲೆಕ್ಕ ಹಾಕುವ ವಿಧಾನ. 35ರಿಂದ 39 ಶತಕೋಟಿ ಪೌಂಡ್ ಎಂಬುದು ಬ್ರಿಟಿಷ್ ಖಜಾನೆಯ ಅಂದಾಜಾಗಿತ್ತು. 2020ರ ತನಕದ ಬಜೆಟ್ ಪಾಲು, ಒಕ್ಕೂಟ ಆಗಲೇ ಮಾತು ಕೊಟ್ಟು ಇನ್ನೂ ಕೊಡದಿದ್ದ ಯೋಜನಾ ಹಣ, ಸಿಬ್ಬಂದಿಯ ಪಿಂಚಣಿ ಇವು ದೊಡ್ಡ ಬಾಬ್ತುಗಳು. ಎದುರು ದಿಕ್ಕಿನಲ್ಲೂ ಹಣ ಬರುತ್ತದೆ. ಐರೋಪ್ಯ ಹೂಡಿಕೆ ಬ್ಯಾಂಕಿನಲ್ಲಿ ಬ್ರಿಟನ್ ಹಾಕಿದ್ದ ಸುಮಾರು 350 ಕೋಟಿ ಯೂರೊ ಬಂಡವಾಳವನ್ನು 150ನೇ ವಿಧಿ 12 ವಾರ್ಷಿಕ ಕಂತಿನಲ್ಲಿ ಹಿಂತಿರುಗಿಸುತ್ತದೆ: ಮೊದಲ 11 ಕಂತು ತಲಾ 30 ಕೋಟಿ, ಕೊನೆಯದು ಸುಮಾರು 19.6 ಕೋಟಿ. ಬಡ್ಡಿ ಇಲ್ಲ, ಅಷ್ಟು ವರ್ಷದ ಲಾಭದ ಪಾಲೂ ಇಲ್ಲ.

ಉತ್ತರ ಐರ್ಲೆಂಡ್

ಐರ್ಲೆಂಡ್ ದ್ವೀಪದ ಸುಮಾರು 500 ಕಿ.ಮೀ. ಗಡಿಯಲ್ಲಿ ತಪಾಸಣೆ ಕಟ್ಟೆ ಬೇಡ ಎಂದರೆ ತಪಾಸಣೆ ಬೇರೆಲ್ಲಾದರೂ ಆಗಲೇಬೇಕು. ಪ್ರೋಟೋಕಾಲ್ ಅದನ್ನು ಐರಿಷ್ ಸಮುದ್ರಕ್ಕೆ ಸರಿಸಿತು: ಉತ್ತರ ಐರ್ಲೆಂಡ್ ಬ್ರಿಟನ್ನಿನ ಸುಂಕ ವಲಯದಲ್ಲೇ ಇದ್ದರೂ ಸರಕಿನ ವಿಷಯದಲ್ಲಿ ಒಕ್ಕೂಟದ ನಿಯಮ ಪಾಲಿಸಬೇಕು. 2023ರ ಫೆಬ್ರುವರಿ 27ರ ವಿಂಡ್ಸರ್ ಚೌಕಟ್ಟು ಇದನ್ನು ಸಡಿಲಿಸಿತು. ಅಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ಮುಂದೆ ಐರ್ಲೆಂಡ್ ಗಣರಾಜ್ಯಕ್ಕೆ ಜಾರಬಹುದಾದದ್ದಕ್ಕೆ ಕೆಂಪು ದಾರಿ. ಪಠ್ಯದಲ್ಲಿ ‘ಪ್ರೋಟೋಕಾಲ್’ ಎಂದಿದ್ದರೂ ‘ವಿಂಡ್ಸರ್ ಚೌಕಟ್ಟು’ ಎಂದಿದ್ದರೂ ಮೂಲ ದಾಖಲೆ ಒಂದೇ.

ಇದರ 16ನೇ ವಿಧಿ ಮತ್ತು 18ನೇ ವಿಧಿಯನ್ನು ಮೂಲ ಒಪ್ಪಂದದ 16, 18ರ ಜೊತೆ ಕಲಸಿಕೊಳ್ಳುವುದು ಮಾಮೂಲಿ ತಪ್ಪು. ಪ್ರೋಟೋಕಾಲ್‌ನ 16 ತುರ್ತು ರಕ್ಷಣಾ ಕ್ರಮ. 18, ಸರಕಿನ ನಿಯಮಗಳು ಮುಂದುವರಿಯಬೇಕೇ ಎಂದು ಉತ್ತರ ಐರ್ಲೆಂಡ್ ವಿಧಾನಸಭೆಯನ್ನು ಕೇಳುವ ಕ್ರಮ. ಮೊದಲ ಮತ 2024ರ ಡಿಸೆಂಬರ್ 10ರಂದು ಆಯಿತು: ಪರ 48, ವಿರುದ್ಧ 36. ಅಲ್ಲಿನ ಎರಡೂ ಸಮುದಾಯದ (ಬ್ರಿಟನ್ ಜೊತೆ ಇರಬೇಕೆನ್ನುವವರು, ಐರ್ಲೆಂಡ್ ಜೊತೆ ಸೇರಬೇಕೆನ್ನುವವರು) ಬಹುಮತ ಸಿಗದ ಕಾರಣ ಮುಂದಿನ ಮತ ಎಂಟು ವರ್ಷಕ್ಕಲ್ಲ, ನಾಲ್ಕೇ ವರ್ಷಕ್ಕೆ.

ಜಗಳ ಬಂದರೆ

ಮೊದಲ ಮೆಟ್ಟಿಲು ಜಂಟಿ ಸಮಿತಿಯಲ್ಲಿ ಮಾತುಕತೆ. ಲಿಖಿತ ನೋಟಿಸ್ ಕೊಟ್ಟು ಮೂರು ತಿಂಗಳಾದರೂ ಬಗೆಹರಿಯದಿದ್ದರೆ ಐವರ ಪಂಚಾಯ್ತಿ ಮಂಡಳಿ. ಎರಡೂ ಕಡೆಯಿಂದ ತಲಾ ಇಬ್ಬರು, ಅಧ್ಯಕ್ಷ ಒಮ್ಮತದಿಂದ. ತೀರ್ಪಿಗೆ 12 ತಿಂಗಳು, ತುರ್ತಾದರೆ 6. ಒಕ್ಕೂಟದ ಕಾನೂನಿನ ಅರ್ಥದ ಪ್ರಶ್ನೆ ಎದ್ದರೆ 174ನೇ ವಿಧಿಯಂತೆ ಮಂಡಳಿ ತಾನೇ ತೀರ್ಮಾನಿಸುವಂತಿಲ್ಲ, ಲಕ್ಸೆಂಬರ್ಗ್‌ಗೆ ಕಳಿಸಬೇಕು. ತೀರ್ಪು ಪಾಲಿಸದಿದ್ದರೆ ದಂಡ; ದಂಡ ಕಟ್ಟದಿದ್ದರೆ ಅಥವಾ ಆಮೇಲೂ ಪಾಲಿಸದಿದ್ದರೆ ಒಪ್ಪಂದದ ಭಾಗಗಳನ್ನು ಅಮಾನತಿನಲ್ಲಿಡಬಹುದು. ನಾಗರಿಕರ ಹಕ್ಕಿನ ಎರಡನೇ ಭಾಗವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟುವಂತಿಲ್ಲ.

ಹಳೆ ಕೇಸುಗಳು ಬೇರೆ ದಾರಿಯವು. ಗಡುವಿಗೆ ಮೊದಲೇ ದಾಖಲಾಗಿದ್ದವು 86ನೇ ವಿಧಿಯಡಿ ಲಕ್ಸೆಂಬರ್ಗ್‌ನಲ್ಲೇ ಮುಗಿದವು. ಚೀನಾದ ಬಟ್ಟೆಗೆ ಕಡಿಮೆ ಬೆಲೆ ತೋರಿಸಿ ಸುಂಕ ತಪ್ಪಿಸುವುದನ್ನು ತಡೆಯಲಿಲ್ಲವೆಂದು ಬ್ರಿಟನ್ ವಿರುದ್ಧ ತೀರ್ಪು ಬಂದದ್ದು 2022ರ ಮಾರ್ಚ್ 8ರಂದು, ಅದು ಒಕ್ಕೂಟ ಬಿಟ್ಟು ಎರಡು ವರ್ಷದ ಮೇಲೆ. ಬ್ರಿಟಿಷ್ ಕೋರ್ಟುಗಳು ನಾಗರಿಕರ ಹಕ್ಕಿನ ಪ್ರಶ್ನೆಯನ್ನು ಲಕ್ಸೆಂಬರ್ಗ್‌ಗೆ ಕೇಳುವ ಬಾಗಿಲು, ಸಂಕ್ರಮಣ ಅವಧಿ ಮುಗಿದು 8 ವರ್ಷದೊಳಗೆ ಶುರುವಾದ ಪ್ರಕರಣಗಳಿಗೆ 158ನೇ ವಿಧಿಯಡಿ ತೆರೆದಿದೆ.

ಕಡೆಯದಾಗಿ, ‘ಬ್ರೆಕ್ಸಿಟ್ ಒಪ್ಪಂದ ರದ್ದು ಮಾಡುತ್ತೇವೆ’ ಎಂಬ ಹೇಳಿಕೆ ಬಂದರೆ ಯಾವ ಕಾಗದ ಎಂದು ನೋಡಿ. ವ್ಯಾಪಾರ ಮತ್ತು ಸಹಕಾರ ಒಪ್ಪಂದದಲ್ಲಿ 779ನೇ ವಿಧಿ ಇದೆ. ಯಾರು ಬೇಕಾದರೂ 12 ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ನಿರ್ಗಮನ ಒಪ್ಪಂದದ 185 ವಿಧಿಗಳಲ್ಲಿ ಅಂಥ ವಿಧಿ ಒಂದೂ ಇಲ್ಲ.